ಕಾಲೇಜು ಕ್ರೀಡಾ ತಂಡಗಳಲ್ಲಿ ಲೈಂಗಿಕ ದೌರ್ಜನ್ಯದ ದೂರು ಬಂದಾಗ ಅಮೆರಿಕದ ವಿಶ್ವವಿದ್ಯಾಲಯಗಳು ನಿಜಕ್ಕೂ ಏನು ಮಾಡುತ್ತವೆ?

ಪ್ರಶ್ನೆ — ಈಜುಕೊಳದ ಅಂಚಿನಿಂದ

ನಮ್ಮ ಕುಟುಂಬ ಹಲವು ವರ್ಷಗಳಿಂದ ಅಮೆರಿಕದಲ್ಲಿದೆ. ಮಗಳು ಒಳ್ಳೆಯ ಈಜುಗಾರ್ತಿ. ಎರಡು ವಿಶ್ವವಿದ್ಯಾಲಯಗಳ ತಂಡಗಳು ಆಕೆಗೆ ಕ್ರೀಡಾ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಿವೆ. ಓದು, ವಸತಿ, ಖರ್ಚು, ಗಾಯವಾದರೆ ಚಿಕಿತ್ಸೆಯ ಹೊಣೆ ಯಾರದು ಎಂಬುದನ್ನೆಲ್ಲ ಕೋಚ್‌ಗಳ ಹತ್ತಿರ ಕೇಳಿ ತಿಳಿದುಕೊಂಡಿದ್ದೇವೆ. ಒಂದು ವಿಷಯವನ್ನು ಕೇಳಲು ಮಾತ್ರ ನನಗೂ ನನ್ನ ಪತಿಗೂ ಇನ್ನೂ ಬಾಯಿ ಬಂದಿಲ್ಲ. ತಂಡದ ಒಳಗಿನವರಿಂದಲೇ, ಅಂದರೆ ಸಹ ಆಟಗಾರನಿಂದಲೋ ಕೋಚ್‌ನಿಂದಲೋ ವೈದ್ಯನಿಂದಲೋ, ಲೈಂಗಿಕ ದೌರ್ಜನ್ಯ ನಡೆಯಿತೆಂದು ಒಬ್ಬ ವಿದ್ಯಾರ್ಥಿನಿ ಹೇಳಿದರೆ ಮುಂದೆ ಏನಾಗುತ್ತದೆ ಎಂಬುದು ಆ ವಿಷಯ.

ಇದು ಕಾರಣವಿಲ್ಲದ ಭಯವಲ್ಲ. ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ಈಜು ತಂಡದ ಹುಡುಗಿಯರು ಅಥ್ಲೆಟಿಕ್ ಟ್ರೈನರ್ (ಆಟಗಾರರ ಗಾಯ, ನೋವುಗಳಿಗೆ ಆರೈಕೆ ಮಾಡುವವ) ಒಬ್ಬ ಚಿಕಿತ್ಸೆಯ ನೆಪದಲ್ಲಿ ಮುಟ್ಟಬಾರದ ಕಡೆ ಮುಟ್ಟುತ್ತಾನೆಂದು 2009ರಲ್ಲೇ ದೂರು ಕೊಟ್ಟಿದ್ದರು. ವಿಶ್ವವಿದ್ಯಾಲಯ ವಿಚಾರಣೆ ಮಾಡಿ, ಅದು ಚಿಕಿತ್ಸೆಯ ಒಂದು ಪದ್ಧತಿಯೇ ಎಂದು ಒಪ್ಪಿಕೊಂಡು ಕಡತವನ್ನು ಮುಚ್ಚಿತು. ಆತ ಇನ್ನೂ ಹತ್ತು ವರ್ಷ ಅದೇ ಕೆಲಸದಲ್ಲಿ ಮುಂದುವರಿದ. ವಿಷಯವನ್ನು ಕೈಬಿಡದೆ ಮತ್ತೆ ಮತ್ತೆ ಎತ್ತುತ್ತಿದ್ದವರು ಈಜು ತಂಡದ ಕೋಚ್, ಮತ್ತು ಅವರ ಮೇಲೆಯೇ ಪ್ರತೀಕಾರದ ಕ್ರಮಗಳಾದವು ಎಂಬುದನ್ನು 2021ರಲ್ಲಿ ಅಮೆರಿಕದ ನ್ಯಾಯ ಇಲಾಖೆ ತನ್ನ ತನಿಖೆಯಲ್ಲಿ ಗುರುತಿಸಿತು. ಆ ಇಲಾಖೆಯ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ವಿಶ್ವವಿದ್ಯಾಲಯ ಸಂತ್ರಸ್ತೆಯರಿಗೆ 16 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿಕೊಂಡಿತು.

ನಾವು ನೋಡಿದ ಎರಡೂ ವಿಶ್ವವಿದ್ಯಾಲಯಗಳ ಜಾಲತಾಣಗಳಲ್ಲಿ ಟೈಟಲ್ ನೈನ್ (ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ತಡೆಯುವ ಕಾನೂನು) ಬಗ್ಗೆ ಸೊಗಸಾದ ಪುಟಗಳಿವೆ, ಸಹಾಯವಾಣಿಯ ಸಂಖ್ಯೆಗಳಿವೆ, ಭರವಸೆಯ ಮಾತುಗಳಿವೆ. ಇಂಥ ಪುಟಗಳು ಎಲ್ಲ ಕಡೆಯೂ ಇರುತ್ತವೆ. ಸೇರುವ ಮೊದಲೇ, ಹೊರಗಿನಿಂದ ನೋಡಿದಾಗ, ಒಂದು ವಿಶ್ವವಿದ್ಯಾಲಯ ಇಂಥ ದೂರನ್ನು ಪ್ರಾಮಾಣಿಕವಾಗಿ ನಡೆಸಿಕೊಡುತ್ತದೆಯೋ ಇಲ್ಲವೋ ಎಂಬುದನ್ನು ಗುರುತಿಸಲು ದಾರಿಯಿದೆಯೇ? ಆರೋಪಕ್ಕೆ ಗುರಿಯಾದ ಹುಡುಗನ ಕಡೆಯನ್ನೂ ಮರೆತು ಕೇಳುತ್ತಿಲ್ಲ. ನನಗೆ ಮಗನೂ ಇದ್ದಾನೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ — ಕಡತ ನೋಡಿದವಳು

ನಿಮ್ಮ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಪೋಷಕರು ಬಹಳ ಕಡಿಮೆ. ನಾನು ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳ ದೂರುಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ದೂರು ಮೊದಲು ಯಾರ ಕೈ ಸೇರುತ್ತದೆ, ಸೇರಿದ ಮೇಲೆ ಅದು ಕ್ರೀಡಾ ವಿಭಾಗದ ಗೋಡೆ ದಾಟಿ ಹೊರಗೆ ಬರುತ್ತದೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಿಯಮಗಳು ಬದಲಾಗುತ್ತವೆ, ಅಧ್ಯಕ್ಷರು ಬದಲಾಗುತ್ತಾರೆ, ತರಬೇತಿಯ ವೀಡಿಯೊಗಳು ಬದಲಾಗುತ್ತವೆ. ಈ ಮೊದಲ ಹೆಜ್ಜೆ ತಪ್ಪಿದ ಕಡೆ ಮಾತ್ರ ಆಮೇಲೆ ಯಾವುದೂ ಸರಿಹೋದದ್ದನ್ನು ನಾನು ಕಂಡಿಲ್ಲ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿಭಾಗವೆಂಬುದು ಬೇರೆಯದೇ ಒಂದು ಸಂಸ್ಥಾನ. ಅದಕ್ಕೆ ತನ್ನದೇ ಬಜೆಟ್ ಇದೆ, ದಾನಿಗಳಿದ್ದಾರೆ, ಪತ್ರಿಕಾ ಅಧಿಕಾರಿಗಳಿದ್ದಾರೆ. ಆಟಗಾರರಿಗೆ ಪಾಠ ಹೇಳಿಕೊಡುವವರು, ತರಗತಿಗಳನ್ನು ಆರಿಸಿಕೊಡುವ ಸಲಹೆಗಾರರು, ವೈದ್ಯರು, ಊಟದ ಮನೆ ಎಲ್ಲವೂ ಆ ವಿಭಾಗದ ಒಳಗೇ ಇರುತ್ತವೆ. ಫುಟ್‌ಬಾಲ್ ಕೋಚ್‌ನ ಸಂಬಳ ವಿಶ್ವವಿದ್ಯಾಲಯದ ಅಧ್ಯಕ್ಷರ ಸಂಬಳದ ಹಲವು ಪಟ್ಟು ಇರುವುದು ಅಲ್ಲಿ ಸಾಮಾನ್ಯ. ಹದಿನೆಂಟು ವರ್ಷದ ವಿದ್ಯಾರ್ಥಿನಿಗೆ ಕಷ್ಟ ಬಂದಾಗ ಅವಳು ಕಾಲೇಜಿನ ಇನ್ನೊಂದು ತುದಿಯಲ್ಲಿರುವ ಅಪರಿಚಿತ ಕಚೇರಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ದಿನಾ ಬೆಳಗ್ಗೆ ನೋಡುವ ಕೋಚ್ ಹತ್ತಿರವೋ ಟ್ರೈನರ್ ಹತ್ತಿರವೋ ಹೇಳಿಕೊಳ್ಳುತ್ತಾಳೆ. ಆ ಮನುಷ್ಯ ಆ ಮಾತನ್ನು ಏನು ಮಾಡುತ್ತಾನೆ ಎನ್ನುವಲ್ಲಿಂದ ಕಥೆ ಕವಲೊಡೆಯುತ್ತದೆ.

ಬೇಲರ್ ವಿಶ್ವವಿದ್ಯಾಲಯದಲ್ಲಿ ಏನಾಯಿತೆಂಬುದು ದಾಖಲೆಯಲ್ಲಿದೆ. ಅಲ್ಲಿನ ಆಡಳಿತ ಮಂಡಳಿ ನೇಮಿಸಿದ್ದ ವಕೀಲರ ಸಂಸ್ಥೆ ನಡೆಸಿದ ಪರಿಶೀಲನೆಯ ಸಾರಾಂಶ 2016ರ ಮೇ ತಿಂಗಳಲ್ಲಿ ಹೊರಬಂತು. ಫುಟ್‌ಬಾಲ್ ವಿಭಾಗದ ಸಿಬ್ಬಂದಿ ಯಾವ ತರಬೇತಿಯೂ ಇಲ್ಲದೆ ತಾವೇ ಒಳಗೊಳಗೇ ವಿಚಾರಣೆ ನಡೆಸುತ್ತಿದ್ದರು, ದೂರುದಾರೆಯರನ್ನೋ ಅವರ ತಂದೆತಾಯಿಯರನ್ನೋ ನೇರವಾಗಿ ಭೇಟಿಯಾಗಿ ಮಾತಾಡುತ್ತಿದ್ದರು, ಆದರೆ ಹೊರಗಿನ ಕಚೇರಿಗೆ ತಿಳಿಸುತ್ತಿರಲಿಲ್ಲ ಎಂದು ಅದರಲ್ಲಿ ಹೇಳಲಾಗಿದೆ. ಟೈಟಲ್ ನೈನ್‌ಗೆಂದು ಪೂರ್ಣಾವಧಿ ಸಂಯೋಜಕರನ್ನು ಆ ವಿಶ್ವವಿದ್ಯಾಲಯ ನೇಮಿಸಿಕೊಂಡದ್ದೇ 2014ರ ಕೊನೆಯಲ್ಲಿ. ಪರಿಶೀಲನೆಯ ನಂತರ ಮುಖ್ಯ ಕೋಚ್ ಆರ್ಟ್ ಬ್ರೈಲ್ಸ್ ಕೆಲಸ ಕಳೆದುಕೊಂಡರು, ಅಧ್ಯಕ್ಷ ಕೆನ್ ಸ್ಟಾರ್ ಆ ಸ್ಥಾನದಿಂದ ಇಳಿದರು, ಕ್ರೀಡಾ ನಿರ್ದೇಶಕರು ರಾಜೀನಾಮೆ ಕೊಟ್ಟರು. ಆದರೆ ಪೂರ್ಣ ವರದಿಯನ್ನು ಬರಹದಲ್ಲಿ ಕೊಡಲೇ ಇಲ್ಲ. ವಕೀಲರು ಅದನ್ನು ಮಂಡಳಿಗೆ ಬಾಯಿಮಾತಿನಲ್ಲಿ ಒಪ್ಪಿಸಿದರು. ಸಾರ್ವಜನಿಕರಿಗೆ ಸಿಕ್ಕಿದ್ದು ಹದಿಮೂರು ಪುಟಗಳ ಸಾರಾಂಶ ಮಾತ್ರ. ಕಾಗದವೇ ಇಲ್ಲದಿದ್ದರೆ ನ್ಯಾಯಾಲಯ ಕೇಳಿದಾಗ ಕೊಡಬೇಕಾದದ್ದೂ ಇರುವುದಿಲ್ಲ ಎಂಬುದು ಕಚೇರಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು, ಆದ್ದರಿಂದ ಈ ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ.

ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ ಇಂಥ ದೂರುಗಳನ್ನು ಕಡೆಗಣಿಸಿದ್ದರ ಬಗ್ಗೆ 2020ರ ನವೆಂಬರ್‌ನಲ್ಲಿ ಯುಎಸ್‌ಎ ಟುಡೇ ಪತ್ರಿಕೆ ಬರೆಯಿತು. ಅದರ ಮೇಲೆ ನಡೆದ ಪರಿಶೀಲನೆಯ ವರದಿ 2021ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಟೈಟಲ್ ನೈನ್ ಕಚೇರಿಗೆ ಬೇಕಾದಷ್ಟು ಸಿಬ್ಬಂದಿಯನ್ನು ಯಾವತ್ತೂ ಕೊಟ್ಟಿರಲಿಲ್ಲ ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಇನ್ನೊಂದು ಅಂಶ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು: ಕ್ರೀಡಾ ವಿಭಾಗದ ನೌಕರರು ದೂರುಗಳನ್ನು ಆ ಕಚೇರಿಗೆ ನೇರವಾಗಿ ಕಳಿಸುವ ಬದಲು ತಮ್ಮ ವಿಭಾಗದ ಹಿರಿಯ ಅಧಿಕಾರಿಯೊಬ್ಬರ ಮೂಲಕ ಸಾಗಿಸುವ ಏರ್ಪಾಡು ಅಲ್ಲಿತ್ತು. ಇಷ್ಟೆಲ್ಲ ಆದ ಮೇಲೂ ಅಂದಿಗೆ ಶಿಕ್ಷೆಯೆಂದು ಆದದ್ದು ಇಬ್ಬರು ಕ್ರೀಡಾ ಅಧಿಕಾರಿಗಳಿಗೆ ಕೆಲವು ವಾರಗಳ ಅಮಾನತು.

ನಾನು ಕಂಡ ಕಡತಗಳಲ್ಲೂ ಇದೇ ಚಿತ್ರ. ದೂರು ನಮ್ಮ ಮೇಜಿಗೆ ಬರುವ ಹೊತ್ತಿಗೆ ಕೋಚ್ ಒಮ್ಮೆ, ಸಹಾಯಕ ನಿರ್ದೇಶಕರು ಇನ್ನೊಮ್ಮೆ ಹುಡುಗಿಯನ್ನು ಕೂರಿಸಿಕೊಂಡು ಮಾತಾಡಿಸಿರುತ್ತಿದ್ದರು. ಹುಡುಗನಿಗೂ ವಿಷಯ ಗೊತ್ತಾಗಿರುತ್ತಿತ್ತು. ಇಬ್ಬರ ಫೋನುಗಳಲ್ಲೂ ಕೆಲವು ಸಂದೇಶಗಳು ಅಳಿಸಿಹೋಗಿರುತ್ತಿದ್ದವು. ತಂಡದ ಹುಡುಗರು ಒಟ್ಟಿಗೆ ಕೂತು ಆ ರಾತ್ರಿ ಯಾರು ಎಲ್ಲಿದ್ದರೆಂದು ಮಾತಾಡಿಕೊಂಡಿರುತ್ತಿದ್ದರು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲದಿರಬಹುದು. ಕೋಚ್ ಒಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡು, ತಾನು ಇಬ್ಬರು ಮಕ್ಕಳಿಗೂ ಒಳ್ಳೆಯದಾಗಲೆಂದೇ ಮಾತಾಡಿದ್ದಾಗಿ ಹೇಳಿದ್ದರು, ಮತ್ತು ನಾನು ಅವರನ್ನು ನಂಬಿದ್ದೆ. ಆದರೆ ಆ ಎರಡು ದಿನಗಳಲ್ಲಿ ಸಾಕ್ಷ್ಯ ಕೆಟ್ಟುಹೋಗಿತ್ತು. ಹುಡುಗ ತಪ್ಪು ಮಾಡಿಲ್ಲದಿದ್ದರೆ ಅದನ್ನು ತೋರಿಸಿಕೊಡಬಹುದಾಗಿದ್ದ ಸಾಕ್ಷ್ಯವೂ ಅದರ ಜೊತೆಗೇ ಹೋಗಿತ್ತು.

ಉತ್ತರ — ನ್ಯಾಯಾಸಕ್ತ

ಮೇಲಿನ ಉತ್ತರ ಅನುಭವದಿಂದ ಬಂದದ್ದು, ಅದರ ಬಹುಪಾಲನ್ನು ನಾನು ಒಪ್ಪುತ್ತೇನೆ. ಒಂದು ಕಡೆ ಮಾತ್ರ ಭಿನ್ನಾಭಿಪ್ರಾಯವಿದೆ: ಸರಿಯಾದ ಕಚೇರಿಗೆ ದೂರು ತಲುಪಿಬಿಟ್ಟರೆ ಸಾಕು ಎಂಬ ಭಾವನೆ ಯಾರಿಗೂ ಬರಬಾರದು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಲ್ಯಾರಿ ನಾಸರ್ ವಿರುದ್ಧ 2014ರಲ್ಲಿ ಅಲ್ಲೇ ಓದಿದ್ದ ಯುವತಿಯೊಬ್ಬಳು ಕೊಟ್ಟ ದೂರು ಟೈಟಲ್ ನೈನ್ ಕಚೇರಿಗೇ ಹೋಗಿತ್ತು. ಆ ಕಚೇರಿ ತಜ್ಞರ ಅಭಿಪ್ರಾಯ ಕೇಳಿತು. ಕೇಳಿದ್ದು ಅದೇ ವಿಶ್ವವಿದ್ಯಾಲಯದ, ನಾಸರ್‌ನನ್ನು ಬಲ್ಲ ವೈದ್ಯರನ್ನು. ಆತ ಮಾಡಿದ್ದು ಚಿಕಿತ್ಸೆಯೇ ಎಂದು ಅವರು ಹೇಳಿದರು, ದೂರು ಬಿದ್ದುಹೋಯಿತು. ತೀರ್ಮಾನವನ್ನು ಎರಡು ರೂಪಗಳಲ್ಲಿ ಬರೆಯಲಾಗಿತ್ತು ಎಂಬುದು ಆಮೇಲೆ ಹೊರಬಿತ್ತು. ದೂರುದಾರೆಗೆ ಕೊಟ್ಟದ್ದು ಚಿಕ್ಕದು. ಈ ವಿಧಾನದಿಂದ ರೋಗಿಗಳಿಗೆ ಆಘಾತವಾಗಬಹುದು, ಸಂಸ್ಥೆಗೂ ಅಪಾಯವಿದೆ ಎಂಬ ಎಚ್ಚರಿಕೆ ಇದ್ದ ದೊಡ್ಡ ರೂಪವನ್ನು ವಿಶ್ವವಿದ್ಯಾಲಯ ತನ್ನ ಬಳಿಯೇ ಇಟ್ಟುಕೊಂಡಿತು. ಪೊಲೀಸ್ ತನಿಖೆ ಇನ್ನೂ ಮುಗಿಯದಿದ್ದಾಗಲೇ ನಾಸರ್ ರೋಗಿಗಳನ್ನು ನೋಡಲು ಮರಳಿದ.

2016ರಲ್ಲಿ ಇಂಡಿಯಾನಾಪೊಲಿಸ್ ಸ್ಟಾರ್ ಪತ್ರಿಕೆಯಲ್ಲಿ ನಾಸರ್‌ನಿಂದ ದೌರ್ಜನ್ಯಕ್ಕೊಳಗಾಗಿದ್ದ ರೇಚಲ್ ಡೆನ್‌ಹಾಲಂಡರ್ ತಮ್ಮ ಹೆಸರು ಹೇಳಿಕೊಂಡೇ ಮುಂದೆ ಬಂದ ಮೇಲೆ ಈ ಮುಚ್ಚುಮರೆ ಕುಸಿಯಿತು. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಮಹಿಳೆಯರು ಮತ್ತು ಹುಡುಗಿಯರು ನ್ಯಾಯಾಲಯದಲ್ಲಿ ಮಾತಾಡಿದರು, ನಾಸರ್‌ಗೆ 40ರಿಂದ 175 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು, ವಿಶ್ವವಿದ್ಯಾಲಯ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು, 2019ರಲ್ಲಿ ಶಿಕ್ಷಣ ಇಲಾಖೆ ಕ್ಲೆರಿ ಕಾಯ್ದೆಯಡಿ (ಕ್ಯಾಂಪಸ್‌ನ ಅಪರಾಧಗಳ ಮಾಹಿತಿಯನ್ನು ಪ್ರಕಟಿಸಬೇಕೆನ್ನುವ ಕಾನೂನು) 45 ಲಕ್ಷ ಡಾಲರ್ ದಂಡ ಹಾಕಿತು. ನಾನು ಹೇಳಹೊರಟದ್ದು ಹಣದ ವಿಷಯವಲ್ಲ. ದೂರು ಸರಿಯಾದ ಕಚೇರಿಗೇ ಹೋದರೂ ಆ ಕಚೇರಿ ಉತ್ತರಕ್ಕಾಗಿ ಕದ ತಟ್ಟಿದ್ದು ಆರೋಪಿಯ ಸಹೋದ್ಯೋಗಿಗಳ ಮನೆಯದು. ತನಿಖೆ ಮಾಡುವವರು ಯಾರನ್ನು ನಂಬುತ್ತಾರೆ ಎಂಬುದೂ ದೂರು ಯಾರಿಗೆ ತಲುಪಿತು ಎಂಬಷ್ಟೇ ಮುಖ್ಯ.

ಇನ್ನು ಕಾನೂನು. 1972ರ ಟೈಟಲ್ ನೈನ್, ಫೆಡರಲ್ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ. ಲೈಂಗಿಕ ಕಿರುಕುಳವೂ ಅಂಥ ತಾರತಮ್ಯವೇ ಎಂದು ನ್ಯಾಯಾಲಯಗಳು ಕಾಲಕ್ರಮದಲ್ಲಿ ಒಪ್ಪಿಕೊಂಡವು. ಆದರೆ ಸುಪ್ರೀಂ ಕೋರ್ಟ್ 1998 ಮತ್ತು 1999ರ ಎರಡು ತೀರ್ಪುಗಳಲ್ಲಿ ಪರಿಹಾರ ಪಡೆಯುವ ದಾರಿಯನ್ನು ಕಿರಿದು ಮಾಡಿತು: ಕ್ರಮ ಕೈಗೊಳ್ಳುವ ಅಧಿಕಾರ ಇರುವವರಿಗೆ ವಿಷಯ ನಿಜವಾಗಿ ಗೊತ್ತಿರಬೇಕು, ಗೊತ್ತಿದ್ದೂ ಬೇಕೆಂದೇ ಉದಾಸೀನ ತೋರಿರಬೇಕು. ಇದರ ಒಳಗುಟ್ಟನ್ನು ಗಮನಿಸಿ. ಗೊತ್ತಿಲ್ಲದಿದ್ದರೆ ಹೊಣೆಯಿಲ್ಲ ಎಂದ ಮೇಲೆ, ಮೇಲಿನವರಿಗೆ ಗೊತ್ತಾಗದಂತೆ ನೋಡಿಕೊಳ್ಳುವ ಕೆಳಗಿನವನು ಸಂಸ್ಥೆಗೆ ಉಪಕಾರ ಮಾಡಿದಂತಾಗುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಗೋಡೆ ಗಟ್ಟಿಯಾಗಲು ಕಾನೂನೂ ಒಂದು ಕಾರಣವೆಂದು ನಾನು ಖಂಡಿತವಾಗಿ ನಂಬುತ್ತೇನೆ. 2007ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಈ ಗೋಡೆಯಲ್ಲಿ ಒಂದು ಬಿರುಕು ಮೂಡಿಸಿತು. ಫುಟ್‌ಬಾಲ್ ತಂಡಕ್ಕೆ ಸೇರಿಸಿಕೊಳ್ಳಲು ಕರೆಸಿದ ಹುಡುಗರನ್ನು ಖುಷಿಪಡಿಸುವ ಏರ್ಪಾಡೇ ಅಪಾಯವನ್ನು ಹುಟ್ಟಿಸುವಂತಿದ್ದು, ಅದು ಸಂಸ್ಥೆಗೆ ಮೊದಲೇ ಕಾಣುವಂತಿದ್ದರೆ, ಸಂಸ್ಥೆಯನ್ನು ಹೊಣೆ ಮಾಡಬಹುದು ಎಂಬುದು ಆ ತೀರ್ಪಿನ ತಿರುಳು. ಅದರ ಬೆನ್ನಿಗೇ ವಿಶ್ವವಿದ್ಯಾಲಯ 28.5 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ನಿಮಗೆ ಮಗನೂ ಇದ್ದಾನೆ ಎಂದಿರಿ. ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ತಂಡದ ಪ್ರಕರಣವನ್ನು ಈ ಚರ್ಚೆಯಲ್ಲಿ ಯಾರೂ ಮರೆಯುವಂತಿಲ್ಲ. 2006ರಲ್ಲಿ ಮೂವರು ಆಟಗಾರರ ಮೇಲೆ ಅತ್ಯಾಚಾರದ ಆರೋಪ ಬಂತು. ವಿಚಾರಣೆ ಮುಗಿಯುವ ಮೊದಲೇ ವಿಶ್ವವಿದ್ಯಾಲಯ ಆ ಋತುವಿನ ಪಂದ್ಯಗಳನ್ನೆಲ್ಲ ರದ್ದುಮಾಡಿತು, ಕೋಚ್ ಹುದ್ದೆ ಬಿಡಬೇಕಾಯಿತು. ಮರುವರ್ಷ ರಾಜ್ಯದ ಅಟಾರ್ನಿ ಜನರಲ್ ಆ ಹುಡುಗರು ನಿರಪರಾಧಿಗಳೆಂದೇ ಘೋಷಿಸಿದರು, ಮೊಕದ್ದಮೆ ಹೂಡಿದ ಸರ್ಕಾರಿ ವಕೀಲರ ಪರವಾನಗಿ ರದ್ದಾಯಿತು, ಆರೋಪ ಸುಳ್ಳಾಗಿತ್ತೆಂದು ಆರೋಪ ಮಾಡಿದವರೇ 2024ರಲ್ಲಿ ಒಪ್ಪಿಕೊಂಡರು. ಈ ಒಂದು ಪ್ರಕರಣವನ್ನು ಎತ್ತಿ ಹಿಡಿದು ಎಲ್ಲ ದೂರುದಾರೆಯರನ್ನೂ ಸುಳ್ಳುಗಾತಿಯರೆನ್ನುವ ಜನರಿದ್ದಾರೆ. ಅವರ ಜೊತೆ ನಾನಿಲ್ಲ. ಆದರೆ ವಿಶ್ವವಿದ್ಯಾಲಯ ಭಯಪಟ್ಟು ಮುಚ್ಚಿಹಾಕಿದರೂ ಅನ್ಯಾಯವೇ, ಭಯಪಟ್ಟು ಆತುರದಲ್ಲಿ ಯಾರನ್ನೋ ಬಲಿಕೊಟ್ಟರೂ ಅನ್ಯಾಯವೇ. ಎರಡೂ ಕಡೆ ಸಂಸ್ಥೆ ನೋಡುವುದು ತನ್ನ ಹೆಸರನ್ನು.

ನಿಯಮಗಳು ಈ ಎರಡು ತುದಿಗಳ ನಡುವೆ ಓಲಾಡುತ್ತಲೇ ಬಂದಿವೆ. 2011ರಲ್ಲಿ ಶಿಕ್ಷಣ ಇಲಾಖೆ ಎಲ್ಲ ಸಂಸ್ಥೆಗಳಿಗೂ ಪತ್ರ ಬರೆದು, ಯಾವ ಕಡೆಯ ಸಾಕ್ಷ್ಯ ಹೆಚ್ಚು ತೂಗುತ್ತದೆ ಎಂಬ ಅಳತೆಯಲ್ಲೇ ತೀರ್ಮಾನಿಸಬೇಕು ಎಂದಿತು. 2017ರಲ್ಲಿ ಆ ಪತ್ರವನ್ನು ಹಿಂತೆಗೆದುಕೊಂಡಿತು. 2018ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಮೇಲ್ಮನವಿ ನ್ಯಾಯಾಲಯವು, ಯಾರ ಮಾತು ನಂಬಲರ್ಹ ಎಂಬುದೇ ಪ್ರಶ್ನೆಯಾಗಿರುವಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯ ಪಾಟೀಸವಾಲಿಗೆ ಅವಕಾಶ ಕೊಡಲೇಬೇಕು ಎಂದಿತು. 2020ರ ನಿಯಮಗಳು ಅದನ್ನು ದೇಶದ ಎಲ್ಲ ಕಾಲೇಜುಗಳಿಗೂ ಅನ್ವಯಿಸಿದವು: ಎದುರುಬದುರಿನ ವಿಚಾರಣೆ ನಡೆಯಬೇಕು, ಸಲಹೆಗಾರರ ಮೂಲಕ ಪಾಟೀಸವಾಲು ಆಗಬೇಕು, ತನಿಖೆ ಮಾಡಿದವರೇ ತೀರ್ಪು ಕೊಡಬಾರದು, ಸಾಕ್ಷ್ಯ ನೋಡಲು ಇಬ್ಬರಿಗೂ ಹತ್ತು ದಿನ ಸಿಗಬೇಕು. 2024ರ ಹೊಸ ನಿಯಮಗಳು ಇದನ್ನು ಸಡಿಲಿಸಿದವು, 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ನ್ಯಾಯಾಲಯ ಅವುಗಳನ್ನು ರದ್ದುಮಾಡಿತು, ಮತ್ತೆ 2020ರ ನಿಯಮಗಳೇ ಬಂದವು. ಒಬ್ಬ ವಿದ್ಯಾರ್ಥಿನಿ ದೂರು ಕೊಟ್ಟು ತೀರ್ಮಾನಕ್ಕೆ ಕಾಯುತ್ತಿರುವಾಗಲೇ ಆಟದ ನಿಯಮ ಬದಲಾಗುವುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಉತ್ತರ — ಹಳೆಯ ಓಟಗಾರ್ತಿ

ಕಾನೂನು, ಕಚೇರಿ ಎರಡರ ಬಗ್ಗೆಯೂ ಬಲ್ಲವರು ಬರೆದಿದ್ದಾರೆ. ತಂಡದ ಒಳಗಿದ್ದವಳಾಗಿ ಸ್ವಲ್ಪ ಸೇರಿಸುತ್ತೇನೆ. ನಾನು ಇಲ್ಲಿನ ಕಾಲೇಜೊಂದರ ತಂಡದಲ್ಲಿ ಮಧ್ಯಮ ದೂರದ ಓಟಗಾರ್ತಿಯಾಗಿದ್ದೆ.

ಕ್ರೀಡಾಪಟುವಿನ ದೇಹ ಅವಳೊಬ್ಬಳದೇ ಅಲ್ಲ ಎಂಬ ಭಾವನೆ ಮೊದಲ ವಾರದಿಂದಲೇ ಬೆಳೆಯುತ್ತದೆ. ತೂಕ ನೋಡುವವರು ಬೇರೆ, ತೊಡೆಯ ಸ್ನಾಯು ಹಿಡಿದುಕೊಂಡರೆ ತಿಕ್ಕುವವರು ಬೇರೆ, ಓಡಬಹುದೋ ಬೇಡವೋ ಎಂದು ತೀರ್ಮಾನಿಸುವವರು ಬೇರೆ. ಟ್ರೈನಿಂಗ್ ರೂಮಿನಲ್ಲಿ ಸಾಲಾಗಿ ಮೇಜುಗಳಿರುತ್ತವೆ, ಗಂಡು ಹೆಣ್ಣೆನ್ನದೆ ಅರ್ಧ ಉಡುಪಿನಲ್ಲಿ ಎಲ್ಲರೂ ಮಲಗಿರುತ್ತಾರೆ, ಟ್ರೈನರ್ ಏನೋ ತಮಾಷೆ ಹೇಳುತ್ತ ಕೆಲಸ ಮಾಡುತ್ತಿರುತ್ತಾನೆ. ಅಂಥ ಕಡೆ ಒಂದು ಕೈ ಗಡಿ ದಾಟಿದರೆ, ಅದು ದಾಟಿತೋ ಇಲ್ಲವೋ ಎಂಬ ಅನುಮಾನ ಮೊದಲು ಹುಟ್ಟುವುದು ಹುಡುಗಿಯ ತಲೆಯಲ್ಲೇ. ನೋವು ಸಹಿಸಬೇಕು, ದೂರಬಾರದು ಎಂದು ನಮ್ಮನ್ನು ತಯಾರು ಮಾಡಿರುತ್ತಾರೆ. ಆ ಗುಣವನ್ನೇ ಹೊಗಳಿ ಪದಕ ಕೊಟ್ಟಿರುತ್ತಾರೆ. ನಾಸರ್‌ನಂಥವರು ಮೇಜಿನ ಪಕ್ಕದಲ್ಲಿ ತಾಯಿ ಕೂತಿರುವಾಗಲೇ ಕೃತ್ಯ ನಡೆಸಿದರು ಎಂಬುದನ್ನು ಕೇಳಿ ಹೊರಗಿನವರಿಗೆ ಆಶ್ಚರ್ಯವಾಯಿತು, ನನಗೆ ಆಗಲಿಲ್ಲ.

ಇದು ಹುಡುಗಿಯರ ಕಥೆ ಮಾತ್ರವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ರಿಚರ್ಡ್ ಸ್ಟ್ರಾಸ್ 1978ರಿಂದ 1998ರವರೆಗೆ ಅಲ್ಲಿದ್ದ. ಆತ ಕನಿಷ್ಠ 177 ಗಂಡು ವಿದ್ಯಾರ್ಥಿಗಳ ಮೇಲೆ ದೌರ್ಜನ್ಯ ನಡೆಸಿದನೆಂದು 2019ರಲ್ಲಿ ಪ್ರಕಟವಾದ ವರದಿ ಹೇಳಿತು; ಅವರಲ್ಲಿ ಅನೇಕರು ಕುಸ್ತಿ ಮೊದಲಾದ ತಂಡಗಳ ಆಟಗಾರರು. ಕೆಲವು ಸಿಬ್ಬಂದಿಗೆ 1979ರಷ್ಟು ಹಿಂದೆಯೇ ವಿಷಯ ಗೊತ್ತಿತ್ತು. ಆತನ ಮೇಲೆ ಕ್ರಮವಾದದ್ದು 1996ರಲ್ಲಿ, ಅದೂ ವಿದ್ಯಾರ್ಥಿಗಳಿಗೆ ಚಿಕಿತ್ಸೆ ಕೊಡುವ ಕೆಲಸದಿಂದ ತೆಗೆದದ್ದು ಮಾತ್ರ; ಪ್ರಾಧ್ಯಾಪಕ ಹುದ್ದೆ ಹಾಗೇ ಉಳಿಯಿತು, ಗೌರವ ಪ್ರಾಧ್ಯಾಪಕ (ಎಮೆರಿಟಸ್) ಎಂಬ ಬಿರುದಿನೊಂದಿಗೆ ನಿವೃತ್ತನಾದ, 2005ರಲ್ಲಿ ಸತ್ತ. ಯಾವ ನ್ಯಾಯಾಲಯವನ್ನೂ ಎದುರಿಸಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತಂಡದ ವೈದ್ಯನಾಗಿದ್ದ ರಾಬರ್ಟ್ ಆ್ಯಂಡರ್‌ಸನ್ ವಿಷಯದಲ್ಲೂ ಸುಮಾರು ಒಂದು ಸಾವಿರ ಜನ ಮುಂದೆ ಬಂದರು, ಅವರಲ್ಲಿ ಹೆಚ್ಚಿನವರು ಗಂಡಸರು. 2022ರಲ್ಲಿ ವಿಶ್ವವಿದ್ಯಾಲಯ 49 ಕೋಟಿ ಡಾಲರ್‌ಗೆ ರಾಜಿಯಾಯಿತು. ಆರಡಿ ಎತ್ತರದ ಕುಸ್ತಿಪಟು ತನಗೆ ಹೀಗಾಯಿತೆಂದು ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ನಿಮ್ಮ ಮಗನ ವಿಷಯ ಎತ್ತಿದಿರಲ್ಲ, ಗಂಡುಮಕ್ಕಳು ಆರೋಪಿಗಳಾಗಬಹುದೆಂಬ ಭಯದ ಜೊತೆಗೆ ಇದನ್ನೂ ಮನಸ್ಸಿನಲ್ಲಿಡಿ.

ಇನ್ನೊಂದು ಕಾರಣ ಹಣ. ಹಲವು ಕಡೆ ವಿದ್ಯಾರ್ಥಿವೇತನ ವರ್ಷ ವರ್ಷಕ್ಕೂ ನವೀಕರಣವಾಗುತ್ತದೆ, ನವೀಕರಣದ ಮಾತು ಬಂದಾಗ ಕೋಚ್‌ನ ಅಭಿಪ್ರಾಯಕ್ಕೆ ತೂಕವಿರುತ್ತದೆ. ದೂರು ಕೊಟ್ಟವಳನ್ನು ಯಾರೂ ನೇರವಾಗಿ ಶಿಕ್ಷಿಸಬೇಕಾಗಿಲ್ಲ; ಅವಳ ಓಟದ ಸಮಯ ಸ್ವಲ್ಪ ಹಿಂದೆ ಬಿದ್ದರೆ ಸಾಕು, ಬೀಳದೆ ಇರುವುದು ಆ ಸ್ಥಿತಿಯಲ್ಲಿ ಕಷ್ಟ. ಆರೋಪಿ ಅದೇ ತಂಡದವನಾಗಿದ್ದರೆ ತಂಡವೇ ಎರಡು ಹೋಳಾಗುತ್ತದೆ. ನನ್ನ ಜೊತೆಗಾರ್ತಿಯೊಬ್ಬಳು ದೂರು ಕೊಟ್ಟಳು, ತೀರ್ಮಾನ ಅವಳ ಪರವಾಗಿಯೇ ಬಂತು, ಆದರೆ ಅಷ್ಟರೊಳಗೆ ಅವಳು ಓಡುವುದನ್ನೇ ಬಿಟ್ಟಿದ್ದಳು.

ಕಾಲೇಜು ಕ್ರೀಡೆಗಳ ನಿಯಮಗಳನ್ನು ಮಾಡುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಏನು ಮಾಡುತ್ತದೆ ಎಂದು ಯಾರಾದರೂ ಕೇಳಬಹುದು. ಆಟಗಾರನಿಗೆ ಯಾರೋ ಊಟ ಕೊಡಿಸಿದರೆಂದು ತನಿಖೆ ಮಾಡುತ್ತಿದ್ದ ಆ ಸಂಸ್ಥೆ, 2021ರಲ್ಲಿ ಬೇಲರ್ ಪ್ರಕರಣದಲ್ಲಿ ದೌರ್ಜನ್ಯದ ದೂರುಗಳನ್ನು ಮೇಲಕ್ಕೆ ತಿಳಿಸದಿದ್ದುದು ತನ್ನ ನಿಯಮಗಳ ಉಲ್ಲಂಘನೆಯೆಂದು ಹೇಳಲು ಬರುವುದಿಲ್ಲ ಎಂದಿತು. ಅದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈಗ ಅದು ಪ್ರತಿ ಆಟಗಾರನೂ ತನ್ನ ಮೇಲೆ ಲೈಂಗಿಕ ದೌರ್ಜನ್ಯದ ತನಿಖೆಯೋ ಶಿಕ್ಷೆಯೋ ಆಗಿದ್ದರೆ ವರ್ಷಕ್ಕೊಮ್ಮೆ ತಿಳಿಸಬೇಕೆಂಬ ನೀತಿ ತಂದಿದೆ, ವಿಶ್ವವಿದ್ಯಾಲಯದ ಅಧ್ಯಕ್ಷರೇ ಸಹಿ ಹಾಕಿ ದೃಢೀಕರಿಸಬೇಕು. ಆದರೆ ತಿಳಿಸಿದವನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಆಯಾ ವಿಶ್ವವಿದ್ಯಾಲಯಕ್ಕೇ ಬಿಟ್ಟಿದೆ. ಇಂಡಿಯಾನಾ ವಿಶ್ವವಿದ್ಯಾಲಯದಂಥ ಕೆಲವು ಕಡೆ 2017ರಿಂದಲೇ, ಇಂಥ ಅಪರಾಧದಲ್ಲಿ ಶಿಕ್ಷೆಯಾದವರನ್ನು ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲವೆಂಬ ಸ್ವಂತ ನಿಯಮವಿದೆ. ಅಂಥ ನಿಯಮ ಇದೆಯೇ ಎಂದು ನೀವು ಕೇಳಬಹುದು.

ಮರುಪ್ರಶ್ನೆ — ಈಜುಕೊಳದ ಅಂಚಿನಿಂದ

ಮೂವರಿಗೂ ಕೃತಜ್ಞತೆಗಳು. ರಾತ್ರಿ ನಾವಿಬ್ಬರೂ ಕೂತು ಎಲ್ಲವನ್ನೂ ಎರಡು ಬಾರಿ ಓದಿದೆವು, ಮಗಳಿಗೂ ಓದಿ ಹೇಳಿದೆವು. ಅಧಿಕೃತ ಭೇಟಿಗೆ ಹೋದಾಗ ಕೋಚ್ ಹತ್ತಿರ, ಕ್ರೀಡಾ ವಿಭಾಗದವರ ಹತ್ತಿರ ಯಾವ ಪ್ರಶ್ನೆ ಕೇಳಿದರೆ ಉಪಯೋಗ? ಕೇಳಿದರೆ ಮಗಳನ್ನು ತಕರಾರಿನವಳೆಂದು ಭಾವಿಸಿ ಕೈಬಿಡುತ್ತಾರೆಂಬ ಅಳುಕು ನನ್ನ ಪತಿಗಿದೆ.

ಉತ್ತರ — ಕಡತ ನೋಡಿದವಳು

ಮೊದಲಿಗೆ, ನ್ಯಾಯಾಸಕ್ತರ ತಿದ್ದುಪಡಿಯನ್ನು ಒಪ್ಪುತ್ತೇನೆ. ಮಿಷಿಗನ್ ಸ್ಟೇಟ್‌ನಲ್ಲಿ ತಜ್ಞರನ್ನು ಹೊರಗಿನಿಂದ ತಂದಿದ್ದರೆ ಎರಡು ವರ್ಷ ಮೊದಲೇ ಆತ ಸಿಕ್ಕಿಬೀಳುತ್ತಿದ್ದ.

ನಿಮ್ಮ ಯಜಮಾನರ ಅಳುಕು ಅರ್ಥವಾಗುತ್ತದೆ. ಆದರೆ ಈ ಪ್ರಶ್ನೆ ಕೇಳಿದ್ದಕ್ಕೆ ಕೈಬಿಡುವ ತಂಡ ತಾನಾಗಿಯೇ ಉತ್ತರ ಕೊಟ್ಟಂತೆ. ನೀತಿ ಏನಿದೆ ಎಂದು ಕೇಳಬೇಡಿ, ಅದನ್ನು ಓದಿ ಹೇಳುತ್ತಾರೆ. ಕೋಚ್ ಹತ್ತಿರ ಹೀಗೆ ಕೇಳಿ: ತಂಡದ ಹುಡುಗಿಯೊಬ್ಬಳು ಇವತ್ತು ಸಂಜೆ ನಿಮಗೆ ಫೋನ್ ಮಾಡಿ ಹೀಗಾಯಿತೆಂದು ಹೇಳಿದರೆ, ನೀವು ಮುಂದಿನ ಕರೆ ಯಾರಿಗೆ ಮಾಡುತ್ತೀರಿ? ತಯಾರಾಗಿರುವ ಕೋಚ್ ಟೈಟಲ್ ನೈನ್ ಸಂಯೋಜಕರ ಹೆಸರನ್ನು ತಡವರಿಸದೆ ಹೇಳುತ್ತಾರೆ, ಅವಳಿಂದ ವಿವರ ಕೆದಕುವುದಿಲ್ಲ ಎಂದೂ ಹೇಳುತ್ತಾರೆ. ಮೊದಲು ನಮ್ಮ ಕ್ರೀಡಾ ನಿರ್ದೇಶಕರಿಗೆ ತಿಳಿಸುತ್ತೇವೆ, ನಾವು ಒಂದು ಕುಟುಂಬವಿದ್ದಂತೆ, ಒಳಗೇ ನೋಡಿಕೊಳ್ಳುತ್ತೇವೆ ಎಂದು ಪ್ರೀತಿಯಿಂದ ಹೇಳಿದರೆ ಆ ಪ್ರೀತಿಗೆ ಮರುಳಾಗಬೇಡಿ. ಕೋಚ್‌ಗಳು ಮತ್ತು ಕ್ರೀಡಾ ನಿರ್ದೇಶಕರು ಕ್ಲೆರಿ ಕಾಯ್ದೆಯಡಿ ಅಪರಾಧಗಳ ಮಾಹಿತಿಯನ್ನು ಮುಂದಕ್ಕೆ ತಲುಪಿಸಲೇಬೇಕಾದವರ ಪಟ್ಟಿಯಲ್ಲಿ ಬರುತ್ತಾರೆ; ಇದು ಅವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ.

ಟ್ರೈನರ್ ಮತ್ತು ವೈದ್ಯರ ಕೆಲಸವನ್ನು ಯಾರು ವಿಮರ್ಶಿಸುತ್ತಾರೆ, ಅವರ ನೇಮಕ ಮತ್ತು ವಜಾ ಯಾರ ಕೈಯಲ್ಲಿದೆ ಎಂದು ಕೇಳಿ. ಅವರು ವಿಶ್ವವಿದ್ಯಾಲಯದ ಆಸ್ಪತ್ರೆಗೆ ಉತ್ತರದಾಯಿಗಳಾಗಿದ್ದರೆ ಒಳ್ಳೆಯದು, ಮುಖ್ಯ ಕೋಚ್‌ಗೇ ಆಗಿದ್ದರೆ ಒಳ್ಳೆಯದಲ್ಲ. ಸೂಕ್ಷ್ಮ ಭಾಗಗಳ ಪರೀಕ್ಷೆಯ ಸಮಯದಲ್ಲಿ ಎರಡನೆಯ ವ್ಯಕ್ತಿ ಇರಬೇಕೆಂಬ ನಿಯಮವಿದೆಯೇ, ಬೇಡವೆಂದು ಹೇಳುವ ಹಕ್ಕನ್ನು ಆಟಗಾರ್ತಿಯರಿಗೆ ಮೊದಲ ದಿನವೇ ತಿಳಿಸುತ್ತಾರೆಯೇ ಎಂಬುದನ್ನು ಮಗಳು ತಾನೇ ಕೇಳಲಿ. ತಂಡದ ಹಿರಿಯ ಹುಡುಗಿಯರ ಜೊತೆ ಅವಳಿಗೆ ಒಂಟಿಯಾಗಿ ಮಾತಾಡಲು ಅವಕಾಶ ಸಿಗುವಂತೆ ನೋಡಿಕೊಳ್ಳಿ. ಅಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ವಿಶ್ವವಿದ್ಯಾಲಯಗಳು ಕ್ಯಾಂಪಸ್ ಸುರಕ್ಷತಾ ವರದಿ ಪ್ರಕಟಿಸಬೇಕು. ಅದನ್ನು ಓದಿ, ಆದರೆ ಅತ್ಯಾಚಾರದ ದೂರುಗಳ ಸಂಖ್ಯೆ ಕಡಿಮೆಯಿದ್ದ ಮಾತ್ರಕ್ಕೆ ಸಮಾಧಾನಪಡಬೇಡಿ. ಸಾವಿರಾರು ವಿದ್ಯಾರ್ಥಿಗಳಿರುವ ಕಡೆ ಸೊನ್ನೆಯೋ ಒಂದೋ ಎಂದಿದ್ದರೆ, ಅಲ್ಲಿ ಹೇಳಿಕೊಳ್ಳಲು ಯಾರಿಗೂ ಧೈರ್ಯವಿಲ್ಲವೆಂದೇ ನಾನು ತಿಳಿಯುತ್ತೇನೆ. ಟೈಟಲ್ ನೈನ್ ಕಚೇರಿಯಲ್ಲಿ ಎಷ್ಟು ಜನ ತನಿಖಾಧಿಕಾರಿಗಳಿದ್ದಾರೆ, ಒಂದು ದೂರು ಮುಗಿಯಲು ಸಾಮಾನ್ಯವಾಗಿ ಎಷ್ಟು ತಿಂಗಳು ಹಿಡಿಯುತ್ತದೆ ಎಂದು ಆ ಕಚೇರಿಗೇ ಫೋನ್ ಮಾಡಿ ಕೇಳಬಹುದು. ನಾನು ಕೆಲಸದಲ್ಲಿದ್ದಾಗ ಅಂಥ ಕರೆ ಬಂದರೆ ನಮಗೆ ಸಂತೋಷವೇ ಆಗುತ್ತಿತ್ತು.

ಮಗಳಿಗೆ ಸೇರುವ ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ವಿಶ್ವವಿದ್ಯಾಲಯಕ್ಕೆ ಕೊಡುವ ದೂರು ಬೇರೆ, ಪೊಲೀಸರಿಗೆ ಕೊಡುವ ದೂರು ಬೇರೆ. ಒಂದನ್ನು ಕೊಟ್ಟರೆ ಇನ್ನೊಂದನ್ನು ಕೊಟ್ಟಂತಾಗುವುದಿಲ್ಲ. ಔಪಚಾರಿಕ ದೂರು ಕೊಡದಿದ್ದರೂ ತರಗತಿ ಬದಲಾವಣೆ, ಕೊಠಡಿ ಬದಲಾವಣೆ, ಆಪ್ತಸಮಾಲೋಚನೆಯಂಥ ನೆರವನ್ನು ವಿಶ್ವವಿದ್ಯಾಲಯ ಶುಲ್ಕವಿಲ್ಲದೆ ಒದಗಿಸಬೇಕು. ಕೋಚ್‌ಗೆ ಹೇಳಿದ ಮಾತು ಗುಟ್ಟಾಗಿ ಉಳಿಯುವುದಿಲ್ಲ, ಆಪ್ತಸಮಾಲೋಚಕರಿಗೆ ಹೇಳಿದ್ದು ಸಾಮಾನ್ಯವಾಗಿ ಉಳಿಯುತ್ತದೆ. ಯಾರಿಗೆ ಮೊದಲು ಹೇಳಬೇಕೆಂಬುದನ್ನು ಈ ವ್ಯತ್ಯಾಸ ಗೊತ್ತಿದ್ದು ಅವಳೇ ನಿರ್ಧರಿಸಲಿ. ಪೊಲೀಸ್ ದೂರು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲೇ ಆಸ್ಪತ್ರೆಗೆ ಹೋಗಿ ವೈದ್ಯಕೀಯ ಸಾಕ್ಷ್ಯ ಸಂಗ್ರಹದ ಪರೀಕ್ಷೆ ಮಾಡಿಸಿಕೊಳ್ಳಬಹುದು, ಅದಕ್ಕೆ ಅವಳು ಹಣ ಕೊಡಬೇಕಾಗಿಲ್ಲ. ಸಂದೇಶಗಳನ್ನು, ಆ ದಿನದ ಉಡುಪನ್ನು ಹಾಗೇ ತೆಗೆದಿಡಬೇಕು, ಮತ್ತು ಯಾರ ಹತ್ತಿರ ಯಾವ ದಿನ ಏನು ಹೇಳಿದೆನೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಕೋಚ್‌ಗೋ ಅಧಿಕಾರಿಗೋ ಬಾಯಿಮಾತಿನಲ್ಲಿ ಹೇಳಿದ್ದನ್ನು ಅದೇ ದಿನ ಒಂದು ಇಮೇಲ್‌ನಲ್ಲಿ ಅವರಿಗೆ ಕಳಿಸಿ, ಟೈಟಲ್ ನೈನ್ ಕಚೇರಿಗೂ ಅದರ ಪ್ರತಿ ಹೋಗುವಂತೆ ಮಾಡಿದರೆ, ನಮಗೆ ಗೊತ್ತೇ ಇರಲಿಲ್ಲ ಎಂದು ನಾಳೆ ಯಾರೂ ಹೇಳಲಾಗುವುದಿಲ್ಲ.